ಎಡಗೈಗೆ ಸಿಗುವಂತೆ

ಎಡಗೈಯಲ್ಲಿ ಕೆಲಸ ಮಾಡುತ್ತಾಳೆಂದು ಅವಳಿಗೆ ‘ಎಡಚಿ’ ಎಂದು ಹೆಸರಿಟ್ಟವನೇ ಕಂಟ್ರಾಕ್ಟರ್. ಅವನು ಕಟ್ಟಿಸುವ ಮನೆಗಳಿಗೆಲ್ಲ ವೈರಿಂಗ್ ಅವಳದ್ದು. ಬೇರೆ ಯಾರಾದರೂ ಹಾಗೆ ಕರೆದರೆ ಇಕ್ಕಳ ಎತ್ತುತ್ತಿದ್ದಳು. ಅವನು ಕರೆದರೆ ಕಿವಿಯ ತುದಿ ಕೆಂಪಾಗುತ್ತಿತ್ತು.

ಈ ಸಲ ಅವನು ಕಟ್ಟಿಸುತ್ತಿದ್ದದ್ದು ತನ್ನದೇ ಮನೆ. ಪ್ರತಿಯೊಂದಕ್ಕೂ ಅವಳನ್ನೇ ಕೇಳುತ್ತಿದ್ದ.

"ಎಡಚಿ, ಮಿಕ್ಸಿ ಪಾಯಿಂಟ್ ಎಲ್ಲಿರ್ಲಿ?"

"ಕಿಟಕಿ ಪಕ್ಕ. ಅಡುಗೆ ಮಾಡ್ತಾ ರಸ್ತೆ ಕಾಣ್ಬೇಕು."

"ಯಾರು ಬರ್ತಾರೆ ಅಂತ ನೋಡೋಕೆ?"

"ಕೆಲಸ ಮುಗಿಸ್ಕೊಂಡು ಯಾರು ಬರ್ಬೇಕೋ ಅವರು."

ಅವನು ನಕ್ಕ. ನೋಟ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಅವಳ ಮೇಲೆ ನಿಂತಿತು. ಅಷ್ಟು ಸಾಕಾಯಿತು, ಹುಚ್ಚು ಹುಡುಗಿ ಮನಸ್ಸಿನಲ್ಲೇ ಸಂಸಾರ ಹೂಡಿಬಿಟ್ಟಳು.

"ಬ್ರೇಕರ್ ಪೆಟ್ಟಿಗೆ ಎಷ್ಟು ಎತ್ತರಕ್ಕೆ ಕೂರಿಸೋಣ?"

"ನನ್ನ ಕಣ್ಣಿನ ನೇರಕ್ಕೆ."

"ನೀನಿರೋದೇ ಗೇಣುದ್ದ!" ಎಂದು ರೇಗಿಸಿದರೂ, ಅವಳನ್ನೇ ಗೋಡೆಗೆ ಒರಗಿಸಿ ನಿಲ್ಲಿಸಿ ಪೆನ್ಸಿಲ್ಲಿನಿಂದ ಗುರುತು ಹಾಕಿದ. ಅವನ ಮುಂಗೈ ಅವಳ ಕೂದಲಿಗೆ ತಾಗಿತು. ಇಬ್ಬರೂ ಏನೂ ಆಗದವರಂತೆ ಬೇರೆಡೆ ನೋಡಿದರು.

ಆ ಪೆಟ್ಟಿಗೆಯನ್ನು ಅವಳು ಜೋಡಿಸಿದ್ದನ್ನು ನೋಡಬೇಕಿತ್ತು. ವೈರುಗಳನ್ನೆಲ್ಲ ಜಡೆಗೆ ಕೂದಲು ಬಾಚಿದಂತೆ ಒಂದೇ ಸಮನೆ ಬಗ್ಗಿಸಿ ಕಟ್ಟಿದಳು. ಎಲ್ಲರ ಮನೆಯಲ್ಲೂ ಬಲಗೈಯಲ್ಲಿ ತೆರೆಯುವ ಮುಚ್ಚಳವನ್ನು ಇಲ್ಲಿ ಎಡಗೈಯಲ್ಲಿ ತೆರೆಯುವಂತೆ ತಿರುಗಿಸಿದಳು. ಎಡತುದಿಗೆ ಅಡುಗೆಮನೆಯ ಕರೆಂಟು ಕಡಿಯುವ ಬ್ರೇಕರ್ ಸ್ವಿಚ್ಚು, ಆಮೇಲೆ ಹಾಲ್, ಆಮೇಲೆ ಮಲಗುವ ಕೋಣೆ. ಕೊನೆಯಲ್ಲಿ ಒಂದು ಜಾಗ ಖಾಲಿ ಬಿಟ್ಟಳು, ಮುಂದೆ ಮಕ್ಕಳ ಕೋಣೆ ಕಟ್ಟಿಸಿದರೆ ಬೇಕಾಗುತ್ತದೆಂದು.

ವೈರಿಂಗ್ ಮುಗಿದ ದಿನ ಅವನು ಮನೆ ನೋಡಲು ಬಂದಾಗ ಜೊತೆಗೊಬ್ಬ ಎತ್ತರದ ಹುಡುಗಿ ಇದ್ದಳು.

"ನಮ್ಮಮ್ಮ ನೋಡಿರೋ ಹುಡುಗಿ. ಮದುವೆ ನಿಶ್ಚಯ ಆಗಿದೆ," ಎಂದ, ಗೋಡೆಯ ಬಣ್ಣ ನೋಡುತ್ತಾ.

ಎಡಚಿ ಪೆಟ್ಟಿಗೆಯ ಮುಂದಿನಿಂದ ಪಕ್ಕಕ್ಕೆ ಸರಿದಳು. ಹುಡುಗಿ ಪಾಪ, ಪೆಟ್ಟಿಗೆಯ ಮುಂದೆ ತುಸು ಬಗ್ಗಿ ನಿಂತು ಬಲಗೈಯಲ್ಲಿ ಮುಚ್ಚಳ ತೆರೆಯಲು ತಡಕಾಡಿದಳು.

"ಎಷ್ಟು ನೀಟಾಗಿ ಮಾಡಿದ್ದೀರ! ಆದ್ರೆ ಇದು ಉಲ್ಟಾ ಇದೆ ಅಲ್ವಾ? ಇಷ್ಟು ಕೆಳಗೆ ಬೇರೆ. ಯಾರೋ ಗಿಡ್ಡಕ್ಕಿರೋರಿಗೆ ಮಾಡಿದ ಹಾಗಿದೆ," ಎಂದು ನಕ್ಕಳು.

ಇನ್ನಿಬ್ಬರೂ ನಗಲಿಲ್ಲ.

"ಸರಿ ಮಾಡ್ಕೊಡ್ತೀನಿ," ಎಂದಳು ಎಡಚಿ.

ಹುಡುಗಿ ಮಹಡಿ ನೋಡಲು ಹೋದಳು. ಎಡಚಿ ಮೇನ್ ಆಫ್ ಮಾಡಿ, ತಾನೇ ಕಟ್ಟಿದ್ದನ್ನೆಲ್ಲ ಬಿಚ್ಚತೊಡಗಿದಳು. ಅವನು ಹಿಂದೆಯೇ ನಿಂತಿದ್ದ.

"ಈ ಮನೆಗೆ ನೀನೇ ಬರೋದು ಅಂತ ಅಂದ್ಕೊಂಡಿದ್ದೀಯ, ನಂಗೆ ಗೊತ್ತಿತ್ತು."

"ಗೊತ್ತಿದ್ದೂ ಎಲ್ಲಾನೂ ನನ್ನನ್ನೇ ಕೇಳ್ತಿದ್ದ್ಯಾ?"

"ನೀನು ಉತ್ತರ ಹೇಳೋವಾಗ ಇದು ನಮ್ಮಿಬ್ಬರ ಮನೆ ಅನ್ನಿಸ್ತಿತ್ತು. ನಂಗೂ ನೀನಂದ್ರೆ ಇಷ್ಟಾನೇ ಕಣೇ. ಅಮ್ಮನ ಎದುರು ಬಾಯಿ ಬರ್ಲಿಲ್ಲ, ಅಷ್ಟೇ."

ಎಷ್ಟು ದಿನದಿಂದ ಕಾದಿದ್ದ ಮಾತು! ಸಿಕ್ಕಿದ್ದು ಮಾತ್ರ ಈ ಗಳಿಗೆಯಲ್ಲಿ. ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಆದರೂ ಕೈ ತಪ್ಪಲಿಲ್ಲ. ಮುಚ್ಚಳ ಬಲಗೈಗೆ ತಿರುಗಿತು, ಬ್ರೇಕರುಗಳೆಲ್ಲ ಬಲಗೈಯವರಿಗೆ ಹೊಂದುವಂತೆ ಸಾಲಾಗಿ ಕೂತವು, ಮೊದಲಿನಷ್ಟೇ ಅಚ್ಚುಕಟ್ಟಾಗಿ. ಖಾಲಿ ಜಾಗವನ್ನು ಹಾಗೆಯೇ ಬಿಟ್ಟಳು.

"ಪೆಟ್ಟಿಗೆ ಮೇಲೆತ್ತೋಕೆ ನನ್ನಿಂದಾಗಲ್ಲ. ಗೋಡೆ ಒಡೀಬೇಕು."

"ಬೇಡ. ಅಲ್ಲೇ ಇರ್ಲಿ," ಎಂದ ಅವನು ಮೆಲ್ಲಗೆ.

"ಇರುತ್ತೆ. ಅವರು ಬಗ್ಗಿದಾಗೆಲ್ಲ ಯಾಕೆ ಅಂತ ನೀನೇ ನೆನಪಿಟ್ಕೊ. ಮುಂದಿನ ಮನೆಗೆ ಬೇರೆ ಯಾರನ್ನಾದ್ರೂ ನೋಡ್ಕೊ."

ಮೇನ್ ಆನ್ ಮಾಡಿದಳು. ಮನೆಯ ದೀಪಗಳೆಲ್ಲ ಹೊತ್ತಿಕೊಂಡವು. ಇಕ್ಕಳ, ಟೆಸ್ಟರು ಚೀಲಕ್ಕೆ ತುಂಬಿಕೊಂಡು ರಸ್ತೆಗಿಳಿದಳು.

ಅಡುಗೆಮನೆಯ ಕಿಟಕಿಯಿಂದ ಆ ರಸ್ತೆ ಕೊನೆಯವರೆಗೂ ಕಾಣುತ್ತದೆ, ಅವಳಿಗೆ ಗೊತ್ತು. ಅಲ್ಲಿ ಅವನು ನಿಂತಿರುತ್ತಾನೆಂಬುದೂ ಗೊತ್ತು. ಅವಳು ತಿರುಗಿ ನೋಡಲಿಲ್ಲ.