ಎಪ್ಪತ್ತೆರಡನೆಯ ಬರ್ತ್

ಗಾಜಿನ ಹಲಗೆಯ ಮೇಲೆ ಅಂಗೈ ಊರಿ ನಿಂತಿದ್ದ ಹೆಂಗಸಿನ ಸಂಖ್ಯೆ ಎದುರಿನ ಫಲಕದಲ್ಲಿ ನಾನೂರರ ಆಸುಪಾಸಿನಲ್ಲಿ ತಡೆದು ನಿಂತಿತ್ತು. ಇದ್ದಕ್ಕಿದ್ದಂತೆ ಅದು ಏರತೊಡಗಿತು. ಐನೂರು ದಾಟಿತು, ಆರುನೂರು ದಾಟಿತು. ಅವಳು ಫಲಕವನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಕಿಟಕಿಯಾಚೆ, ಹಳಿಗಳ ಮೇಲಿನ ಕಾಲುಸೇತುವೆಯಲ್ಲಿ ನೆಟ್ಟಿತ್ತು. ಡಾಕ್ಟರ್ ಸಂಗನಬಸಪ್ಪ ಯಲಿಗಾರರು ಅತ್ತ ತಿರುಗಿದರು. ಸೇತುವೆಯ ಕಂಬಿಗಳ ಹೊರಗೆ ಒಬ್ಬ ಗಂಡಸು ಪುಟ್ಟ ಮಗುವೊಂದನ್ನು ಎರಡೂ ರಟ್ಟೆ ಹಿಡಿದು ತೂಗುಬಿಟ್ಟಿದ್ದ.

ಅವರ ಬಾಯಿಂದ ಕೂಗು ಹೊರಡುವ ಮೊದಲೇ ಫಲಕದಲ್ಲಿ ೬೪೧ ಎಂದು ಮೂಡಿ ಹಸಿರು ದೀಪ ಹೊತ್ತಿತು. ಹೆಂಗಸು ಕೈಯೆತ್ತಿ ಸನ್ನೆ ಮಾಡಿದಳು. ಗಂಡಸು ಮಗುವನ್ನು ಒಳಕ್ಕೆಳೆದು ಹೆಗಲಿಗೆ ಹಾಕಿಕೊಂಡು, ಕೊಡೆ ಮಡಚಿದವನಷ್ಟು ನಿರಾಳವಾಗಿ ಮೆಟ್ಟಿಲಿಳಿಯತೊಡಗಿದ.

"ಗಾಬರಿ ಆಗಬ್ಯಾಡ್ರಿ ಸರ," ಎಂದಳು ಕೌಂಟರಿನಲ್ಲಿದ್ದ ಶಾಹೀನ್ ನದಾಫ್. "ಅವನ ಹಿಡಿತ ಗಟ್ಟಿ ಐತಿ. ದೀಪಾವಳಿಗೂ ಹಿಂಗ ಮಾಡಿದ್ದ."

"ಇದು ದಿನಾ ನಡೀತದೇನು?"

"ಮಕ್ಕಳಿದ್ದವರು ಮಕ್ಕಳನ್ನ ತರ್ತಾರ್ರಿ. ಇಲ್ಲದವರಿಗೆ ಹಿಂದಿನ ಗ್ವಾಡಿ ಕಡೆ ರೊಕ್ಕ ತಗೊಂಡು ಅಂಜಿಸೋ ಮಂದಿ ಅದಾರ. ನಿಮಗ ಯಾರೂ ಹೇಳಿದ್ದಿಲ್ಲೇನ್ರಿ?"

ಯಾರೂ ಹೇಳಿರಲಿಲ್ಲ. ಯಂತ್ರ ತಪ್ಪು ಮಾಡುತ್ತಿದೆ ಎಂಬ ದೂರು ಒಂದೂ ಬಂದಿರಲಿಲ್ಲ, ಏಕೆಂದರೆ ಅದು ತಪ್ಪು ಮಾಡುತ್ತಿರಲಿಲ್ಲ.

ದೇಶದ ಹಳಿಗಳನ್ನೆಲ್ಲ ಒಂದೇ ಜಾಲವಾಗಿ ಹೆಣೆದು ಹನ್ನೆರಡು ವರ್ಷಗಳಾಗಿದ್ದವು. ಇಂಧನ ಸಾಲದೆ ವಿಮಾನಗಳು ನೆಲ ಹಿಡಿದ ಮೇಲೆ ಜನವೆಲ್ಲ ರೈಲಿನತ್ತ ಹರಿಯಿತು. ಹಳಿ ಹೆಚ್ಚಿತು, ವೇಗ ಹೆಚ್ಚಿತು. ಹತ್ತುವವರು ಅದಕ್ಕಿಂತ ಹೆಚ್ಚಿದರು. ಪ್ರತಿ ರೈಲಿಗೆ ಒಂದು ತುರ್ತು ಬೋಗಿ, ಅದರಲ್ಲಿ ಎಪ್ಪತ್ತೆರಡು ಬರ್ತ್. ಅವನ್ನು ಯಾರಿಗೆ ಕೊಡಬೇಕು? ಶಿಫಾರಸಿಗೂ ಲಂಚಕ್ಕೂ ಬಗ್ಗದ ಉತ್ತರವನ್ನು ಯಲಿಗಾರರು ಕಂಡುಹಿಡಿದಿದ್ದರು. ಅದೇ ಅಗತ್ಯಮಾಪಕ. ನಾಡಿಯ ಏರಿಳಿತ, ಅಂಗೈಯ ಬೆವರು, ಬೆರಳ ತುದಿಯ ನಡುಕ, ನಟನೆಗೆ ಎಟುಕದ ಈ ಮೂರನ್ನು ಗಾಜು ಅಳೆಯುತ್ತದೆ. ಸಾವಿರಕ್ಕೆ ಇಷ್ಟು ಎಂದು ಹೇಳುತ್ತದೆ. ನಿಜವಾಗಿ ಹೋಗಲೇಬೇಕಾದವನಿಗೆ ಹೋಗಲಾಗದೆಂಬ ಭಯವಿರುತ್ತದೆ ಎಂಬುದು ಅವರ ಸಿದ್ಧಾಂತ. ಮೇಲಿನ ಎಪ್ಪತ್ತೆರಡು ಮಂದಿಗೆ ಬರ್ತ್. ರೈಲು ಬರುವುದಕ್ಕೆ ಒಂದು ತಾಸು ಮೊದಲು ಪಟ್ಟಿ ಮುಚ್ಚುತ್ತದೆ. ನಡುವೆ ಕೈ ಹಾಕಲು ಮಂತ್ರಿಗೂ ದಾರಿಯಿಲ್ಲ, ಅದನ್ನು ಮಾಡಿದವನಿಗೂ ಇಲ್ಲ. ಇದು ಅವರ ಹೆಮ್ಮೆಯಾಗಿತ್ತು.

ಮೊದಲ ವರ್ಷ ಇನ್ನೂರು ಬಂದರೆ ಬರ್ತ್ ಸಿಗುತ್ತಿತ್ತು. ಈಗ ಆರುನೂರ ನಲವತ್ತು ಬೇಕು. ಇಂದು ಬರ್ತ್ ಸಿಗದವನು ನಾಳೆ ಇನ್ನಷ್ಟು ಹೆದರಿ ಬರುತ್ತಾನೆ ಎಂಬ ಸರಳ ಲೆಕ್ಕವನ್ನು ಅವರು ಮಾಡಿರಲಿಲ್ಲ.

ಅವರಾದರೂ ಹಿರೇಕಣವಿ ಜಂಕ್ಷನ್ನಿಗೆ ಪರಿಶೀಲನೆಗೆಂದು ಬಂದವರಲ್ಲ. ಅಕ್ಕ ನೀಲವ್ವನನ್ನು ನಾಗಪುರದ ರೈಲಿಗೆ ಹತ್ತಿಸಲು ಬಂದಿದ್ದರು. ಅಲ್ಲಿ ನೀಲವ್ವನ ಮಗಳು ಮಂದಾಕಿನಿ ಆಸ್ಪತ್ರೆಯಲ್ಲಿದ್ದಳು. ಅವಳ ಯಕೃತ್ತು ಕೆಟ್ಟಿತ್ತು. ತಾಯಿಯ ಯಕೃತ್ತಿನ ತುಂಡೊಂದು ಮಾತ್ರ ಹೊಂದುತ್ತಿತ್ತು. ಮರುದಿನ ಬೆಳಗ್ಗೆ ಶಸ್ತ್ರಚಿಕಿತ್ಸೆ. ಅದಕ್ಕಿಂತ ಹೆಚ್ಚು ಕಾಯಲಾಗದೆಂದು ವೈದ್ಯರು ಹೇಳಿದ್ದರು.

ನೀಲವ್ವ ಸೆರಗಿನಿಂದ ಅಂಗೈ ಒರೆಸಿಕೊಂಡು ಗಾಜಿನ ಮೇಲಿಟ್ಟಳು. ಫಲಕದಲ್ಲಿ ೧೧೮ ಎಂದು ಮೂಡಿತು.

"ಇನ್ನೊಮ್ಮೆ ಇಡು ಅಕ್ಕಾ."

ಎರಡನೆಯ ಬಾರಿ ನೂರಾ ಹದಿನೈದು ಬಂತು.

"ನೀನ ಮಾಡಿದ ಯಂತ್ರ ನನ್ನ ನಪಾಸ ಮಾಡೇತಲ್ಲೋ," ಎಂದು ನೀಲವ್ವ ನಕ್ಕಳು. ಆಪರೇಷನ್ ಕೋಣೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು ಅವಳು. ಎಂಥ ರಕ್ತಕ್ಕೂ ಆ ಕೈ ನಡುಗಿದ್ದಿಲ್ಲ.

"ನಗಬ್ಯಾಡ. ಸ್ವಲ್ಪ ಅಂಜು. ಮಂದಾಕಿನಿಗೆ ಏನರ ಆದರ ಅಂತ ವಿಚಾರ ಮಾಡು."

"ಏನಾಗ್ತದೋ? ನಾ ಹೋಗ್ತೀನಿ, ಕೊಡ್ತೀನಿ. ನಿರ್ಧಾರ ಮಾಡಿ ಆದಮ್ಯಾಲ ಅಂಜಿಕಿ ಎಲ್ಲಿಂದ ತರಲಿ?"

ಅಗತ್ಯವಿದ್ದೂ ಅಂಜದವರು ಇರಬಹುದೆಂದು ಯಲಿಗಾರರು ಎಂದೂ ಎಣಿಸಿರಲಿಲ್ಲ. ಗೋಡೆಯ ಗಡಿಯಾರ ನೋಡಿದರು. ಪಟ್ಟಿ ಮುಚ್ಚಲು ಇನ್ನು ಇಪ್ಪತ್ತು ನಿಮಿಷವಿತ್ತು. ಬೆನ್ನಿನ ಮೇಲೆ ತಣ್ಣನೆಯ ಬೆವರು ಇಳಿಯಿತು. ತಮ್ಮ ಕೈಯನ್ನು ಆ ಗಾಜಿನ ಮೇಲಿಟ್ಟಿದ್ದರೆ ಈ ಕ್ಷಣ ಮೊದಲ ಬರ್ತೇ ಸಿಗುತ್ತಿತ್ತು. ಆದರೆ ಹೋಗಬೇಕಾದವಳು ಅಕ್ಕ.

ಅವರು ಹೊರಗೆ ಹೋಗಿ, ಫೋನನ್ನು ಕಿವಿಗೆ ಹಿಡಿದು, ಮರಳಿ ಬಂದರು.

"ಅಕ್ಕಾ, ಕೈ ಅಲ್ಲೇ ಇರಲಿ. ದವಾಖಾನಿಯಿಂದ ಫೋನ್ ಬಂದಿತ್ತು. ನಿನ್ನ ಸ್ಕ್ಯಾನ್ ಮತ್ತೊಮ್ಮೆ ನೋಡ್ಯಾರಂತ. ಯಕೃತ್ತಿನಾಗ ಕಲೆ ಐತಂತ."

"ಏನ್ ಕಲೆ?"

"ನಿನ್ನದು ತಗೊಳ್ಳಾಕ ಬರಂಗಿಲ್ಲ ಅಂತಾರ. ಆದರೂ ನಿನ್ನ ಎದುರಿಗೆ ಕೂಡಿಸಿ ಒಮ್ಮೆ ನೋಡ್ತಾರಂತ. ಅಲ್ಲಿವರೆಗೆ ಮಂದಾಕಿನಿಗೆ ಏನೂ ಹೇಳಬ್ಯಾಡ ಅಂದಾರ."

ನೀಲವ್ವನ ತುಟಿಯ ಬಣ್ಣ ಹೋಯಿತು. ಗಾಜಿನ ಮೇಲೆ ಬೆರಳುಗಳು ಸಣ್ಣಗೆ ಸದ್ದು ಮಾಡತೊಡಗಿದವು. ಸಂಖ್ಯೆ ನಾನೂರು, ಆರುನೂರು, ಏಳುನೂರು ದಾಟಿ ೮೦೩ ಎಂಬಲ್ಲಿ ನಿಂತು ಹಸಿರು ದೀಪ ಹೊತ್ತಿತು.

"ಸುಳ್ಳು ಹೇಳಿದೆ ಅಕ್ಕಾ. ಯಾವ ಫೋನೂ ಬಂದಿಲ್ಲ. ನಿನ್ನ ಯಕೃತ್ತು ಚಲೋ ಐತಿ."

ನೀಲವ್ವ ತಮ್ಮನತ್ತ ತಿರುಗಿದಳು. "ಈಗ ಹೇಳಿದ್ದು ಸುಳ್ಳೋ, ಆಗ ಹೇಳಿದ್ದು ಸುಳ್ಳೋ?"

"ಆಗ ಹೇಳಿದ್ದು. ನಿನ್ನಾಣೆ."

"ನಾ ಹ್ಯಾಂಗ ನಂಬಲಿ?" ಅವಳು ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದಿದ್ದಳು. "ನೋಡಿಲ್ಲೆ. ನಿಲ್ಲವಲ್ದು."

ಆಗ ಹಿಂದೆ ಯಾರೋ ಸಣ್ಣಗೆ ನರಳಿದಂತಾಯಿತು. ಯಲಿಗಾರರು ಫಲಕದತ್ತ ನೋಡಿದರು. ನೀಲವ್ವನ ಸಂಖ್ಯೆ ಪಟ್ಟಿಯ ಮೇಲ್ತುದಿಯಲ್ಲಿ ಸೇರಿತ್ತು. ಉಳಿದವು ಒಂದೊಂದು ಮೆಟ್ಟಿಲು ಕೆಳಗಿಳಿದಿದ್ದವು. ಎಪ್ಪತ್ತೆರಡನೆಯ ಸ್ಥಾನದಲ್ಲಿದ್ದ ೬೪೧ ಗೆರೆಯ ಕೆಳಗೆ ಬಿದ್ದು ಕೆಂಪಾಗಿತ್ತು. ಒಂದು ಕೂಡಿದರೆ ಒಂದು ಕಳೆಯಬೇಕು. ಯಂತ್ರಕ್ಕೆ ಬೇರೆ ಲೆಕ್ಕ ಗೊತ್ತಿರಲಿಲ್ಲ.

ಆ ಹೆಂಗಸು ಮತ್ತೆ ಗಾಜಿನ ಬಳಿಗೆ ಬಂದು ಅಂಗೈ ಊರಿದಳು. ಗಂಡ ಮಗುವನ್ನೆತ್ತಿಕೊಂಡು ಸೇತುವೆಯತ್ತ ಹೊರಟ. ಯಲಿಗಾರರು ಓಡಿಹೋಗಿ ಮೆಟ್ಟಿಲಿಗೆ ಅಡ್ಡ ನಿಂತರು.

"ದಾರಿ ಬಿಡ್ರಿ ಅಜ್ಜಾರ. ಟೈಮ್ ಇಲ್ಲ."

"ಹಂಗ ಮಾಡಬ್ಯಾಡಪಾ. ಕೈ ಜಾರಿದರ?"

"ಜಾರಂಗಿಲ್ರಿ. ಈ ಸಲ ಒಂದ ಕೈಲೆ ಹಿಡೀಬೇಕು, ಎರಡು ಕೈ ನೋಡಿ ನೋಡಿ ಹೇಣ್ತಿಗೆ ರೂಢಿ ಆಗೇತಿ. ಅಕೀ ತಮ್ಮ ನಾಗಪುರದಾಗ ಸಾಯಾಕತ್ತಾನ್ರಿ. ನಿಮ್ಮವರಿಗೆ ಸಿಕ್ಕಿತಲ್ಲ, ಇನ್ನ ನಿಮಗೇನು?"

ಮಗು ಯಲಿಗಾರರ ಮುಖ ನೋಡಿತು. ತನ್ನನ್ನು ಹೊರಗೆ ತೂಗುವವರು ಈ ಸಲ ಇವರೇ ಎಂದುಕೊಂಡಿತೋ ಏನೋ, ಕಲಿತ ಪಾಠ ಒಪ್ಪಿಸುವಂತೆ ತಾನಾಗಿ ಎರಡೂ ಕೈ ಮೇಲೆತ್ತಿತು. ಯಲಿಗಾರರು ಅದನ್ನು ಎಳೆದುಕೊಂಡು ಎದೆಗೊತ್ತಿ ಹಿಡಿದರು. ತಂದೆ ರಟ್ಟೆ ಜಗ್ಗಿದ, ಬೈದ, ಕೊನೆಗೆ ಕಾಲಿಗೆ ಬಿದ್ದ. ಅವರು ಬಿಡಲಿಲ್ಲ. ಪಟ್ಟಿ ಮುಚ್ಚಿದ ಗಂಟೆ ಬಾರಿಸುವವರೆಗೂ ಬಿಡಲಿಲ್ಲ.

ಕೌಂಟರಿನ ಮುಂದೆ ಆ ಹೆಂಗಸಿನ ಅಂಗೈ ಇನ್ನೂ ಗಾಜಿನ ಮೇಲೆಯೇ ಇತ್ತು. ಪಟ್ಟಿ ಮುಚ್ಚಿದ ಮೇಲೆ ಅವಳ ಸಂಖ್ಯೆ ಎಂಟುನೂರು ದಾಟಿತ್ತು, ಒಂಬೈನೂರು ದಾಟಿತು, ಇನ್ನೂ ಏರುತ್ತಿತ್ತು. ಸೇತುವೆಯ ಮೇಲೆ ಯಾರೂ ಇರಲಿಲ್ಲ.

ಶಾಹೀನ್ ಕೈ ಚಾಚಿ ಯಂತ್ರವನ್ನು ಆರಿಸಿದಳು.

ಒಂದು ತಾಸಿನ ಮೇಲೆ ನಾಗಪುರದ ರೈಲು ಬಂತು. ನೀಲವ್ವ ತಮ್ಮನ ಕಡೆ ತಿರುಗಿ ನೋಡದೆ, ಒಂದು ಕೈಯಿಂದ ಇನ್ನೊಂದನ್ನು ಹಿಡಿದುಕೊಂಡೇ ಹತ್ತಿದಳು. ರೈಲು ಹೋದ ಮೇಲೂ ಯಲಿಗಾರರು ಬೆಂಚಿನ ಮೇಲೆ ಕುಳಿತೇ ಇದ್ದರು. ಯಂತ್ರವನ್ನು ಮುಚ್ಚಿಸಬೇಕು, ನಾಳೆಯೇ ಬರೆಯುತ್ತೇನೆ ಎಂದುಕೊಂಡರು. ಮುಚ್ಚಿದರೆ ಹಳೆಯ ಪದ್ಧತಿ ಬರುತ್ತದೆ.

ಹಳೆಯ ಪದ್ಧತಿ ಅವರಿಗೆ ನೆನಪಿತ್ತು. ಅವರಾಗ ಕಾಲೇಜಿನಲ್ಲಿದ್ದರು. ಬೆಳಗಿನ ಹತ್ತು ಗಂಟೆಗೆ ತತ್ಕಾಲ್ ತೆರೆಯುವುದು. ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಸುತ್ತ ನಿಂತಿದ್ದರು. ಮೊಬೈಲಿನ ಮೇಲೆ ಅವರ ಹೆಬ್ಬೆರಳು ನಡುಗುತ್ತಿತ್ತು. ಒಂದು ನಿಮಿಷದೊಳಗೆ ಎಲ್ಲ ಮುಗಿಯಿತು, ಸೀಟು ಸಿಕ್ಕಿತು. ಅವ್ವ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ಆ ಸೀಟು ಯಾರಿಗೆ ತಪ್ಪಿತೆಂದು ಮನೆಯಲ್ಲಿ ಒಬ್ಬರೂ ಕೇಳಲಿಲ್ಲ.