ಗಂಗುವಿನ ನಿದ್ದೆ

ಈ ಕೂಸು ಇಷ್ಟು ಮಲಗಬಾರದಲ್ಲ...

ಮುಂಜಾನೆಯಿಂದ ಕೌಸಲ್ಯಾಳ ಎದೆಯಲ್ಲಿ ಇದೊಂದೇ ಅಳುಕು. ಗಂಗುವಿನ ಬಾಯಿಂದ ಅಫೀಮಿನ ವಾಸನೆ ಬರುತ್ತಿತ್ತು. ಹಾಕಿದವಳು ಕೂಸಿನ ಸೋದರತ್ತೆ ಸಖುಬಾಯಿಯೇ ಇರಬೇಕು. ಹೇಳಿದರೆ ಆಕೆ ಸಿಟ್ಟಾಗಿ ಕೂಸನ್ನು ಕಳಿಸುವುದನ್ನೇ ನಿಲ್ಲಿಸಿದರೆ?

ಈ ಅಂಜಿಕೆ ಕೂಸಿಗಾಗಿಯೋ, ಕೂಸಿನ ಅಪ್ಪನಿಗಾಗಿಯೋ? ಕೌಸಲ್ಯಾ ಆ ಪ್ರಶ್ನೆಯನ್ನು ಬೇಗನೆ ಮನಸ್ಸಿನಿಂದ ತಳ್ಳಿದಳು.

ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಎರಡನೇ ಬೇಸಿಗೆ. ಆ ಗದ್ದಲದಲ್ಲಿ ಗಂಡನನ್ನು ಕಳೆದುಕೊಂಡು ಎಕಂಬಾದಿಂದ ಬೀದರಿಗೆ ಬಂದಿದ್ದಳು. ಗಂಜಿನ ಕಾಳುಪೇಟೆಯಲ್ಲಿ ತೊಗರಿ ಹಸನು ಮಾಡುವ ಹೆಂಗಸರ ಕೂಸುಗಳನ್ನು ತನ್ನ ಪಡಸಾಲೆಯಲ್ಲಿ ನೋಡಿಕೊಳ್ಳುತ್ತಿದ್ದಳು. ಕೂಸಿಗೊಂದು ಬೊಗಸೆ ಜೋಳ, ಅಷ್ಟೇ ಕೂಲಿ. ಮೊದಲೆಲ್ಲ ಆ ಕೂಸುಗಳು ಕೈಗಾಡಿಯ ಕೆಳಗೆ ಅಫೀಮಿನ ಮಂಪರಿನಲ್ಲೇ ದಿನ ಕಳೆಯುತ್ತಿದ್ದವು.

ಸಂಜೆ ಹಮಾಲ ಪಂಢರಿ ಬಂದ. ಹೆಂಡತಿ ಹೆರಿಗೆಯಲ್ಲೇ ಹೋದ ಮೇಲೆ ಅಕ್ಕ ಸಖುಬಾಯಿಯನ್ನು ಬಿಟ್ಟರೆ ಅವನಿಗೆ ಉಳಿದದ್ದು ಮಗಳು ಗಂಗು ಒಬ್ಬಳೇ.

"ಗಂಗವ್ವ... ಏ ನಮ್ಮವ್ವ..."

ಕೂಸು ಅರೆಗಣ್ಣು ತೆರೆದು ಮತ್ತೆ ಮುಚ್ಚಿತು. ಅವನು ಬಾಯಿ ಮೂಸಿದ. ಮುಖ ಕಪ್ಪಿಟ್ಟಿತು.

"ಏನ್ ಹಾಕೀರಿ ನನ್ನ ಕೂಸಿಗಿ?"

ಕೌಸಲ್ಯಾ ಸೆರಗಿನಿಂದ ಕೂಸಿನ ಮುಖ ಒರೆಸತೊಡಗಿದಳು.

"ನೀವು ಹಂಥವರಲ್ಲ ಅಂತ ನಂಬಿದ್ದೆರಿ. ನಾಳಿಂದ ತರಂಗಿಲ್ಲ."

ಮಗನನ್ನು ಒಯ್ಯಲು ಬಂದಿದ್ದ ಹೀರಾಬಾಯಿ ತಡೆಯಲಾರದೆ ಅಂದಳು, "ಚೀಲ ಹೊತ್ತು ಹೊತ್ತು ನಿನ್ನ ಬುದ್ಧಿನೂ ಕುಸದಾದೇನೊ? ಇವತ್ತ ದಿನಪೂರ್ತಿ ಆ ಕೂಸಿನ್ನ ಹೆಗಲಿಂದ ಇಳಸಿಲ್ಲ ಈಕಿ."

ಅವನು ಕೇಳಿಸಿಕೊಳ್ಳಲಿಲ್ಲ. ಕೂಸನ್ನೆತ್ತಿಕೊಂಡು ಹೋಗಿಯೇಬಿಟ್ಟ.

ರಾತ್ರಿ ಸಖುಬಾಯಿ ಮತ್ತೆ ಹಾಕಿದರೆ...?

ಕೌಸಲ್ಯಾ ಉಳಿದ ಕೂಸುಗಳನ್ನು ಹೀರಾಬಾಯಿಗೆ ಒಪ್ಪಿಸಿ, ಗಾಡಿಗಳ ನಡುವೆ ಓಡಿದಳು.

"ನಿಂದರ್ರಿ! ಅದು ಮನಿಯಾಗೇ ಹಾಕಿದ್ದದ. ಇನ್ನೊಂದ್ ಸಲ ಹಾಕಿದ್ರ ಕೂಸು ಉಳಿಯಂಗಿಲ್ಲ. ಮೊದಲ ದವಾಖಾನಿಗಿ ನಡೀರಿ."

"ಮನಿಯಾಗ? ಅಕ್ಕನಾ...?"

"ಬೈಬ್ಯಾಡ್ರಿ ಅವರಿಗಿ. ಹಲ್ಲು ಬರೂ ಕೂಸು ರಾತ್ರಿಯೆಲ್ಲ ಅಳ್ತದ. ನಸಕಿನಾಗೆದ್ದು ದುಡ್ಯಾಕ ಹೋಗೂ ಜೀವಕ್ಕ ನಿದ್ದಿ ಬೇಕಲ್ಲರಿ."

ದವಾಖಾನೆಯಲ್ಲಿ ಡಾಕ್ಟರು ಕೂಸಿನ ಕಣ್ಣು ಬಿಡಿಸಿ ನೋಡಿದರು, ಅಂಗಾಲು ತಟ್ಟಿದರು. ಕೂಸನ್ನು ಮಲಗಗೊಡದೆ ಬಹಳ ಹೊತ್ತು ಎಚ್ಚರವಿರಿಸಿದರು. ಕೊನೆಗೆ ಗಂಗು ಕಿಟಾರನೆ ಅತ್ತಳು. ಆ ಅಳು ಕೇಳಿ ಪಂಢರಿ ಅವಳನ್ನು ಎದೆಗವಚಿಕೊಂಡ.

ಹೊರಗೆ ಮೆಟ್ಟಿಲ ಮೇಲೆ ಅವನೇ ಮೊದಲು ಮಾತಾಡಿದ.

"ಏನೇನೋ ಅಂದೆರಿ ನಾ. ಮನಸಿಗಿ ಹಚ್ಕೋಬ್ಯಾಡ್ರಿ."

"ಇರಲಿರಿ."

"ಮುಂಜಾನಿನೇ ಗೊತ್ತಿತ್ತಂದ್ರ ಯಾಕ ಹೇಳಲಿಲ್ರಿ?"

"ಅಂಜಿದೆರಿ. ನೀವು ಬರೂದು ಬಿಡ್ತೀರಂತ..."

"ನಾ ಬರದಿದ್ರ ನಿಮಗೇನ್ರಿ? ಪಡಸಾಲಿ ತುಂಬ ಕೂಸು ಅವಲ್ಲ."

ಯಾವಾಗಲೂ ಇಂಥ ಮಾತಿಗೆ ತಲೆ ತಗ್ಗಿಸುವ ಕೌಸಲ್ಯಾ ಇವತ್ತು ತಗ್ಗಿಸಲಿಲ್ಲ.

"ಆ ಕೂಸುಗಳ್ನ ಒಯ್ಯಾಕ ಬರೋರ ದಾರಿ ನಾ ನೋಡಂಗಿಲ್ರಿ," ಎಂದಳು. "ನಿಮ್ಮ ದಾರಿ ನೋಡ್ತೇನಿ."