ಸೂಜಿಯ ಕೊನೆಯ ಚೂರು

"ಈ ಟ್ಯೂಬ್‌ಲೈಟ್ ಅಳೋದು ಯಾರಿಗೂ ಕೇಳಿಸಲ್ವಾ?"

ಸಿಂಧು ಯಾರನ್ನೂ ಕೇಳಿರಲಿಲ್ಲ. ದೊಡ್ಡಬಳ್ಳಾಪುರದ ಆ ಗಾರ್ಮೆಂಟ್ಸ್‌ನಲ್ಲಿ, ನೂರಾರು ಹೊಲಿಗೆ ಮಿಷನ್‌ಗಳ ಸದ್ದಿನಲ್ಲಿ, ಕೇಳಿದರೂ ಉತ್ತರ ಕೊಡುವವರು ಯಾರು? ಆದರೆ ಎದುರಿನ ಸೂಜಿ ಕೌಂಟರಿನ ಕಿಂಡಿಯಿಂದ ದನಿಯೊಂದು ಬಂತು.

"ಲೈಟು ಅಳೋದು ಕೇಳಿಸ್ಲಿಲ್ಲ ಕಣ್ರೀ. ನೀವು ಕೇಳಿದ್ದು ಕೇಳಿಸ್ತು."

ಅವನು ಅಮರ್. ಫ್ಯಾಕ್ಟರಿಯ ಸೂಜಿಗಳೆಲ್ಲ ಅವನ ವಶ. ಸೂಜಿ ಮುರಿದರೆ ಅದರ ಎಲ್ಲ ಚೂರುಗಳನ್ನೂ ತಂದು ಒಪ್ಪಿಸಬೇಕು, ಆಮೇಲೇ ಹೊಸದು. ಮಕ್ಕಳು ತೊಡುವ ಅಂಗಿಯಲ್ಲಿ ಒಂದು ಚೂರು ಉಳಿದರೂ ಅನಾಹುತ. ಸಿಂಧುವಿನ ಅಂಗೈಯಲ್ಲಿದ್ದದ್ದು ಬುಡ ಮಾತ್ರ.

"ತುದಿ ಎಲ್ರೀ?"

"ಸಿಗ್ಲಿಲ್ಲ. ಅಂಗೀಲಿಲ್ಲ, ಹೊಲಿಗೆ ಬಿಚ್ಚಿ ನೋಡ್ದೆ."

ಅವಳು ಅವನ ಕಣ್ಣನ್ನಲ್ಲ, ಅಂಗಿಯ ಎರಡನೆಯ ಗುಂಡಿಯನ್ನು ನೋಡುತ್ತ ಮಾತಾಡಿದಳು. ಅವನು ಮೆಲ್ಲಗೆ ಬಗ್ಗಿ, ತನ್ನ ಮುಖವನ್ನು ಗುಂಡಿಯಿದ್ದ ಎತ್ತರಕ್ಕೆ ಇಳಿಸಿದ. ಸಿಂಧು ನಕ್ಕುಬಿಟ್ಟಳು.

"ನಿಮ್ಮ ಮಾತು ಸಾಕು ಬಿಡಿ," ಎಂದು ಹೊಸ ಸೂಜಿ ಕೊಟ್ಟ.

ಊಟದ ಹೊತ್ತಿಗೆ ಆ ತುದಿ ಸಿಕ್ಕಿತು, ಅವಳ ಜಡೆಯ ಕನಕಾಂಬರದಲ್ಲಿ. ಬಿಡಿಸಿದವನೂ ಅವನೇ, ಒಂದು ಹೂವೂ ಉದುರದ ಹಾಗೆ.

ಸದ್ದು ತಲೆಗೇರಿದಾಗ ಸಿಂಧು, ತಾತ ಜವರಪ್ಪ ರಾಗವಾಗಿ ಓದುತ್ತಿದ್ದ ದೇವರ ಪದ್ಯಗಳನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು. ಬರಬರುತ್ತ ಸಲುಗೆ ಬೆಳೆದು, ಕಿಂಡಿಗೆ ಕಿವಿಯಿಟ್ಟು ಅಮರ್ ಅನ್ನುತ್ತಿದ್ದ, "ಇನ್ನೊಂದ್ಸಲ ಹೇಳು. ನಿನ್ನ ಬಾಯಲ್ಲಿ ದೇವರೂ ಮೆತ್ತಗಾಗ್ತಾನೆ."

ಯುಗಾದಿ ಕಳೆದ ಮೇಲೆ, ಸದ್ದು ತಡೆಯಲಾಗದೆ ಸಿಂಧು ಹೋಗಿ ತೋರಿಸಿಕೊಂಡ ಆಸ್ಪತ್ರೆಯ ಡಾಕ್ಟರಮ್ಮ, "ಆಟಿಸಂ ಇರ್ಬಹುದಮ್ಮ. ಬೆಂಗಳೂರಲ್ಲಿ ಪರೀಕ್ಷೆ ಆಗ್ಲಿ," ಎಂದರು. ಪರೀಕ್ಷೆಗೆ ತಾರೀಖು ಸಿಕ್ಕಿದ್ದು ದೀಪಾವಳಿಯ ಆಚೆಗೆ. ಸಿಂಧು ಮೊದಲು ಹೇಳಿದ್ದು ಅಮರ್‌ಗೆ.

"ಹಂಗಂದ್ರೆ?"

"ನಂಗೆ ಎಲ್ಲಾನೂ ಜೋರಾಗಿ ಕೇಳಿಸುತ್ತೆ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಕ್ಕೆ ಬರಲ್ಲ. ಹುಟ್ಟಿದಾಗ್ಲಿಂದ ಹಿಂಗೇ. ಅದಕ್ಕೊಂದು ಹೆಸರಿದೆಯಂತೆ."

"ಅಷ್ಟೇನಾ? ಬೇರೆ ಗಂಡು ಗೊತ್ತಾಗಿದೆ ಅಂತೀಯೇನೋ ಅಂದ್ಕೊಂಡೆ!" ಅವನು ಎದೆ ಒತ್ತಿಕೊಂಡು ನಕ್ಕ. "ಎಚ್‌ಆರ್ ಮೇಡಂಗೆ ಹೇಳು. ಆ ಟ್ಯೂಬ್‌ಲೈಟಿಲ್ಲದ ಕಡೆ ಕೂರಿಸ್ತಾರೆ. ನಾನಿಲ್ವಾ? ನಾನೂ ಹೇಳ್ತೀನಿ."

ಸಿಂಧು ಹೇಳುವಾಗ ಎಚ್‌ಆರ್ ವಾಣಿಶ್ರೀ ಬಾಗಿಲನ್ನೂ ಮುಚ್ಚಲಿಲ್ಲ; ಹೊರಗಿದ್ದವರಿಗೆಲ್ಲ ಕೇಳಿಸುತ್ತಿತ್ತು.

"ಸರ್ಟಿಫಿಕೇಟ್ ಎಲ್ಲಿ?"

"ಪರೀಕ್ಷೆ ಇನ್ನೂ ಆಗಿಲ್ಲ ಮೇಡಂ. ಆ ಲೈಟಿಂದ ದೂರ, ಗೋಡೆ ಕಡೆ ಒಂದು ಮಿಷನ್ ಕೊಟ್ರೆ ಸಾಕು."

"ಪರೀಕ್ಷೇನೇ ಆಗ್ದೆ ಕಾಯಿಲೆ ಅಂತ ನೀನೇ ಹೆಸರಿಟ್ಕೊಂಡ್ಯಾ?"

"ಕಾಯಿಲೆ ಅಲ್ಲ ಮೇಡಂ. ಅಮರ್‌ನ ಕೇಳಿ, ಅವ್ರಿಗೆ ಗೊತ್ತು."

ಅಮರ್ ಬಂದ. ವಾಣಿಶ್ರೀ ಕುರ್ಚಿಗೆ ಒರಗಿದರು. "ಏನಪ್ಪಾ, ಬರೋ ತಿಂಗಳು ಸೂಪರ್‌ವೈಸರ್ ಆಗೋನು ನೀನು. ನಿಂಗೂ ಇವಳಿಗೂ ಏನು?"

"ಏನಿಲ್ಲ ಮೇಡಂ. ಸೂಜಿಗೆ ಬರ್ತಾಳೆ, ಅಷ್ಟೇ."

"ಹೆಂಗೆ ಇವಳು?"

ಸಿಂಧು ಅವನ ಅಂಗಿಯ ಅದೇ ಗುಂಡಿಯನ್ನು ನೋಡುತ್ತ ಕಾದಳು. ಈ ಸಲ ಅವನು ಬಗ್ಗಲಿಲ್ಲ.

"ತನ್ನಷ್ಟಕ್ಕೆ ಏನೋ ಗೊಣಗ್ತಿರ್ತಾಳೆ ಮೇಡಂ. ಲೈಟು ಅಳುತ್ತೆ ಅಂತಾಳೆ. ಒಂಥರಾ."

ಮರುದಿನ ಅವಳ ಮಿಷನ್ ಇನ್ನೊಬ್ಬಳ ಪಾಲಾಯಿತು. ಸಿಂಧುವನ್ನು ದಾರ ಕತ್ತರಿಸುವ ಹೆಲ್ಪರ್ ಮಾಡಿ ನಿಲ್ಲಿಸಿದ್ದು ದಿನವಿಡೀ ಹಾಡು ಕಿರುಚುವ ಸ್ಪೀಕರಿನ ಕೆಳಗೇ. ಊಟದ ಹೊತ್ತಿನಲ್ಲಿ ಅದೇ ಸಾಲಿನಲ್ಲಿ ಹೊಲಿಯುವ ಕೀರ್ತನ ಹಿಂದಿನಿಂದ ಬಂದು ಅವಳ ಕಿವಿಯ ಪಕ್ಕ ಟಿಫನ್ ಬಾಕ್ಸಿನ ಮುಚ್ಚಳ ಬಡಿದಳು.

"ಇದೂ ಅಳ್ತಾ ಇದ್ಯೇನೇ, ಸಿಂಧು?"

ಇಡೀ ಸಾಲು ನಕ್ಕಿತು. ಕಿಂಡಿಯ ಕಡೆಯಿಂದಲೂ ಒಂದು ನಗು ಬಂತು. ಯಾವ ಸದ್ದನ್ನೂ ಬಿಡದ ಸಿಂಧುವಿನ ಕಿವಿಗಳು ಅದನ್ನು ಬೇರೆಯಾಗಿಯೇ ಕೇಳಿಸಿಕೊಂಡವು.

ಸಂಜೆ ಗೇಟಿನ ಹೊರಗೆ ಅಮರ್ ಕಾದಿದ್ದ. ಕೈಯಲ್ಲಿ ಒಂದು ಮೊಳ ಕನಕಾಂಬರ.

"ನಾನೇನು ಮಾಡ್ಲಿ ಹೇಳು? ಎಲ್ರೂ ನಕ್ರು, ನಾನೂ ನಕ್ಕೆ. ಈಗ ಕೇಳು. ಮೇಡಂ ಹತ್ರ ಮಾತಾಡಿದೀನಿ. ಗೋಡೆ ಕಡೆ ಸೀಟಿನ ಆಸೆಗೆ ಸುಳ್ಳು ಹೇಳಿದ್ದೆ ಅಂದ್ಬಿಡು, ಮಿಷನ್ ವಾಪಸ್ ಕೊಡ್ತಾರೆ. ಆಮೇಲೆ ಅಮ್ಮನ್ನ ಕರ್ಕೊಂಡು ನಿಮ್ಮನೆಗೇ ಬರ್ತೀನಿ. ಈ ಹೆಸರು ಅಂಟಿದ್ರೆ ಅಮ್ಮ ನಿನ್ನ ಒಪ್ಪಲ್ಲ ಕಣೇ."

"ಅವತ್ತು ತುದಿ ಸಿಗದೇನೇ ಸೂಜಿ ಕೊಟ್ರಲ್ಲ. ಯಾಕೆ?"

"ನಿನ್ನ ಮಾತು ನಂಬ್ದೆ."

"ಈಗ?"

ಅಮರ್ ಹೂವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ಒಂದೇ ಮಾತು ಸಿಂಧು. ನನಗೋಸ್ಕರ. ಸುಳ್ಳು ಅಂತ ಹೇಳ್ಬಿಡು."

ಅವನ ಅಂಗಿಯ ಎರಡನೆಯ ಗುಂಡಿಯ ದಾರ ಸಡಿಲಗೊಂಡು ತೂಗುತ್ತಿತ್ತು. ಮೊನ್ನೆಯಾಗಿದ್ದರೆ ಅಲ್ಲೇ ನಿಲ್ಲಿಸಿಕೊಂಡು ಹೊಲಿಯುತ್ತಿದ್ದಳು.

"ಹೇಳಲ್ಲ," ಎಂದಳು ಸಿಂಧು.